ಪರಿಷ್ಕೃತ ಅಂದಾಜಿನ ಜೊತೆ ಕಾರಣಗಳೂ ಪ್ರಕಟವಾಗಲಿ

ಮಾನ್ಯ ಸಂಪಾದಕರೇ,

ಎತ್ತಿನಹೊಳೆ ಯೋಜನೆಗೆ 2012ರಲ್ಲಿ ₹8,323 ಕೋಟಿಗೆ ಆಡಳಿತಾತ್ಮಕ ಅನುಮೋದನೆ ದೊರೆತಿತ್ತು. 2014ರಲ್ಲಿ ಅದು ₹12,912 ಕೋಟಿಯಾಯಿತು, 2023ರಲ್ಲಿ ₹23,251 ಕೋಟಿಗೆ ಏರಿತು. ಈ ನಡುವೆ ಭೂಸ್ವಾಧೀನದ ಹೊಸ ಕಾಯ್ದೆ ಜಾರಿಗೆ ಬಂದಿದ್ದೂ ಜಿಎಸ್‌ಟಿ ಬಂದಿದ್ದೂ ನಿಜ. ಆದರೆ ಯಾವುದೇ ಕಾಮಗಾರಿಯಾಗಲಿ, ಹೆಚ್ಚಿದ ಹಣದಲ್ಲಿ ಬೆಲೆಯೇರಿಕೆಯ ಪಾಲೆಷ್ಟು, ನಡುವೆ ವಿನ್ಯಾಸ ಬದಲಿಸಿದ್ದರ ಪಾಲೆಷ್ಟು, ಮೊದಲ ಅಂದಾಜನ್ನೇ ಕಡಿಮೆ ಹಿಡಿದಿದ್ದರ ಪಾಲೆಷ್ಟು ಎಂಬ ವಿವರ ಸಾಮಾನ್ಯ ಓದುಗನಿಗೂ ಸುಲಭವಾಗಿ ಸಿಗುವಂತಿರಬೇಕು.

ಕಟ್ಟಡ ಕಾಮಗಾರಿಗಳ ಉಸ್ತುವಾರಿಯಲ್ಲೇ ವೃತ್ತಿಜೀವನ ಕಳೆದವನು ನಾನು. ಒಂದು ಆಸ್ಪತ್ರೆಯ ಕಟ್ಟಡದಲ್ಲಿ ಶೌಚಾಲಯಗಳ ಜಾಗ ಬದಲಿಸಿದ ತಿದ್ದುಪಡಿ ನಕ್ಷೆ ಕಚೇರಿಯ ಕಪಾಟಿನಲ್ಲೇ ಉಳಿದುಬಿಟ್ಟಿತ್ತು. ಸೈಟಿನಲ್ಲಿ ಕಂಬಿ ಕಟ್ಟುವವರ ಕೈಯಲ್ಲಿದ್ದದ್ದು ಹಳೆಯ ನಕ್ಷೆ. ಸೆಂಟ್ರಿಂಗ್ ಬಿಚ್ಚಿದ ದಿನ ನೋಡಿದರೆ ಪೈಪು ಇಳಿಯಬೇಕಾದ ಕಡೆ ಬೀಮು ಅಡ್ಡ ನಿಂತಿತ್ತು. ಸ್ಲ್ಯಾಬನ್ನು ಬೇರೆ ಕಡೆ ಕೊರೆದು, ಪೈಪನ್ನು ಸುತ್ತು ಹಾಕಿಸಿ, ಅದು ಕಾಣದಂತೆ ಕೆಳಗಿನ ವಾರ್ಡಿಗೆ ಫಾಲ್ಸ್ ಸೀಲಿಂಗ್ ಮಾಡಿಸಬೇಕಾಯಿತು. ಇದಿಷ್ಟೂ ಬಿಲ್ಲಿಗೆ ಆಧಾರವಾಗುವ ಅಳತೆ ಪುಸ್ತಕದಲ್ಲಿ ‘ಹೆಚ್ಚುವರಿ ಕಾಮಗಾರಿ’ ಎಂದು ದಾಖಲಾಯಿತು, ಕಾರಣ ಮಾತ್ರ ಎಲ್ಲೂ ದಾಖಲಾಗಲಿಲ್ಲ. ಆ ಪುಟಕ್ಕೆ ಸಹಿ ಮಾಡಿದವರಲ್ಲಿ ನಾನೂ ಒಬ್ಬ. ಇಂದಿಗೂ ಅದು ನನ್ನನ್ನು ಕಾಡುತ್ತದೆ.

ಇಂಥ ಕಾರಣಗಳನ್ನು ಹೊರಗೆ ತಂದರೆ ಏನಾಗುತ್ತದೆ ಎಂಬುದಕ್ಕೆ ಸ್ಕಾಟ್ಲೆಂಡಿನ ಸಂಸತ್ ಭವನ ಒಳ್ಳೆಯ ನಿದರ್ಶನ. 1997ರಲ್ಲಿ 1ರಿಂದ 4 ಕೋಟಿ ಪೌಂಡ್ ಸಾಕೆಂದು ಹೇಳಿದ್ದ ಆ ಕಟ್ಟಡ 2004ರಲ್ಲಿ ಉದ್ಘಾಟನೆಯಾಗುವ ಹೊತ್ತಿಗೆ ಸುಮಾರು 41 ಕೋಟಿ ಪೌಂಡ್ ನುಂಗಿತ್ತು. ಈ ಏರಿಕೆಯ ಕಾರಣ ಹುಡುಕಲು ಲಾರ್ಡ್ ಫ್ರೇಸರ್ ನಡೆಸಿದ ವಿಚಾರಣೆ ಬಹಿರಂಗವಾಗಿಯೇ ನಡೆಯಿತು. ವಿನ್ಯಾಸ ಪೂರ್ತಿಯಾಗುವ ಮೊದಲೇ ಬಿಡಿಬಿಡಿಯಾಗಿ ಗುತ್ತಿಗೆ ಕೊಟ್ಟು ಕೆಲಸ ಶುರು ಮಾಡುವ ಪದ್ಧತಿಯನ್ನು ಆಯ್ದುಕೊಂಡಿದ್ದರಿಂದ ನಷ್ಟದ ಹೊರೆಯೆಲ್ಲ ಸರ್ಕಾರದ ತಲೆಯ ಮೇಲೇ ಉಳಿಯಿತೆಂದೂ, ವೆಚ್ಚ ತಜ್ಞರು ಕೊಟ್ಟ ಎಚ್ಚರಿಕೆಗಳನ್ನು ಅಧಿಕಾರಿಗಳು ಮಂತ್ರಿಗಳಿಗೆ ಮುಟ್ಟಿಸಲಿಲ್ಲವೆಂದೂ ಅವರ ವರದಿ ಸ್ಪಷ್ಟವಾಗಿ ಹೇಳಿತು. ಅಲ್ಲಿ ಮಾಹಿತಿ ತಡೆದು ನಿಂತದ್ದು ಅಧಿಕಾರಿಗಳ ಮೇಜಿನ ಮೇಲೆ, ನಮ್ಮ ಆಸ್ಪತ್ರೆಯಲ್ಲಿ ಕಪಾಟಿನೊಳಗೆ.

ಡೆನ್ಮಾರ್ಕಿನ ಸಂಶೋಧಕ ಬೆಂಟ್ ಫ್ಲೂಬ್ಯಾರ್ ಮತ್ತು ಅವರ ಸಂಗಡಿಗರು 258 ಸಾರಿಗೆ ಯೋಜನೆಗಳ ಲೆಕ್ಕ ಕಲೆಹಾಕಿ, ಹತ್ತರಲ್ಲಿ ಒಂಬತ್ತು ಯೋಜನೆಗಳು ಅಂದಾಜು ವೆಚ್ಚ ಮೀರಿದ್ದವೆಂದೂ, ರೈಲು ಯೋಜನೆಗಳಲ್ಲಿ ಈ ಏರಿಕೆ ಸರಾಸರಿ ಶೇ 45ರಷ್ಟಿತ್ತೆಂದೂ 2002ರಲ್ಲಿ ತೋರಿಸಿದರು. ಮೊದಲ ಅಂದಾಜು ಮತ್ತು ಅಂತಿಮ ವೆಚ್ಚ ಎರಡೂ ಕೈಗೆ ಸಿಕ್ಕಿದ್ದರಿಂದಲೇ ಆ ಅಧ್ಯಯನ ಸಾಧ್ಯವಾಯಿತು. ನಮ್ಮಲ್ಲಿ ನಿರ್ಮಾಣ ನಿರ್ವಹಣೆಯ ಎಂ.ಟೆಕ್. ವಿದ್ಯಾರ್ಥಿಗಳಲ್ಲಿ ಅನೇಕರು ಗುತ್ತಿಗೆದಾರರಿಗೂ ಎಂಜಿನಿಯರುಗಳಿಗೂ ಪ್ರಶ್ನಾವಳಿ ಹಂಚಿ, ಬಂದ ಅಭಿಪ್ರಾಯಗಳಿಗೆ ಅಂಕ ಹಾಕಿ ಪ್ರಬಂಧ ಮುಗಿಸುತ್ತಾರೆ. ಮಕ್ಕಳಲ್ಲಿ ಶ್ರದ್ಧೆಗೆ ಕೊರತೆಯಿಲ್ಲ, ಅವರಿಗೆ ಬೇಕಾದದ್ದು ನಿಜವಾದ ಬಿಲ್ಲುಗಳು. ಬೀಮು-ಪೈಪುಗಳ ಡಿಕ್ಕಿಯನ್ನು ಕಟ್ಟುವ ಮೊದಲೇ ಕಂಪ್ಯೂಟರಿನಲ್ಲಿ ತೋರಿಸುವ ‘ಬಿಮ್’ (ಬಿಲ್ಡಿಂಗ್ ಇನ್ಫರ್ಮೇಷನ್ ಮಾಡೆಲಿಂಗ್) ತಂತ್ರಾಂಶ ಬಂದಿದೆ, ಬ್ರಿಟನ್ 2016ರಿಂದ ಅದನ್ನು ಸರ್ಕಾರಿ ಯೋಜನೆಗಳಿಗೆ ಬೇಕೆಂದಿತು. ಆದರೆ ತಿದ್ದಿದ ನಕ್ಷೆ ಅದರೊಳಗೆ ಹೋಗದಿದ್ದರೆ ಅದೂ ಹಳೆಯ ಕಪಾಟೇ ಆದೀತು.

ಆದ್ದರಿಂದ ಲೋಕೋಪಯೋಗಿ, ಜಲಸಂಪನ್ಮೂಲ ಮತ್ತು ನಗರಾಭಿವೃದ್ಧಿ ಇಲಾಖೆಗಳಲ್ಲಿ ನನ್ನ ವಿನಂತಿ ಇಷ್ಟೇ. ಮುಗಿದ ಪ್ರತಿಯೊಂದು ದೊಡ್ಡ ಕಾಮಗಾರಿಯ ಮೂಲ ಅಂದಾಜು, ಟೆಂಡರ್ ಮೊತ್ತ, ಅಂತಿಮ ಬಿಲ್ಲು, ನಡುವಿನ ಪ್ರತಿ ಬದಲಾವಣೆಯ ದಿನಾಂಕ ಮತ್ತು ಕಾರಣ ಇವನ್ನು ಒಂದೇ ಪಟ್ಟಿಯಲ್ಲಿ ಜಾಲತಾಣದಲ್ಲಿ ಪ್ರಕಟಿಸಬೇಕು. ಹೊಸ ಕಾನೂನಿನ ಅಗತ್ಯವಿಲ್ಲ. ಈ ಪಟ್ಟಿಯಿಲ್ಲದೆ ಅಂತಿಮ ಬಿಲ್ಲು ಪಾಸು ಮಾಡಬಾರದೆಂದು ವಿಭಾಗ ಕಚೇರಿಗಳಿಗೆ ಒಂದು ಸುತ್ತೋಲೆ ಹೊರಡಿಸಿದರೆ ಸಾಕು.

ಇತಿ,
ಒಬ್ಬ ನಿವೃತ್ತ ಸಿವಿಲ್ ಎಂಜಿನಿಯರ್,
ದಾವಣಗೆರೆ