ಹಳೆಯ ಗೆಳೆಯರನ್ನು ಕಾಣಹೊರಟ ಡಗ್ಲಸ್: ಯುವ ಬರಹಗಾರರೊಬ್ಬರಿಗೆ ಪತ್ರ

ಪ್ರಿಯ ಕಿರಿಯ ಮಿತ್ರರೇ,

ಗುಲಾಮಗಿರಿಯಿಂದ ತಪ್ಪಿಸಿಕೊಂಡು ಅದರ ವಿರುದ್ಧವೇ ಹೋರಾಡಿದ ಅಮೆರಿಕದ ಕರಿಯ ನಾಯಕ ಫ್ರೆಡರಿಕ್ ಡಗ್ಲಸ್ ಅವರ ಕೊನೆಯ ಇಂಗ್ಲೆಂಡ್ ಯಾತ್ರೆಯನ್ನು ಕುರಿತ ನಿಮ್ಮ ಲೇಖನವನ್ನು ಓದಿದೆ. ರೋಮ್, ಅಥೆನ್ಸ್ ಮತ್ತು ಪಿರಮಿಡ್ಡುಗಳ ವರ್ಣನೆ ಸೊಗಸಾಗಿದೆ. ಆದರೂ ಅದನ್ನು ಅರ್ಧಕ್ಕಿಳಿಸಿ. ಲೇಖನದ ಜೀವವಿರುವುದು ಅವರು ಆನ್ನಾ ಮತ್ತು ಎಲೆನ್ ರಿಚರ್ಡ್‌ಸನ್ ಎಂಬ ವೃದ್ಧ ಮಹಿಳೆಯರನ್ನು ಕಂಡದ್ದರಲ್ಲಿ. ಅದನ್ನು ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ.

1886ರ ಸೆಪ್ಟೆಂಬರಿನಲ್ಲಿ ಪತ್ನಿ ಹೆಲೆನ್ ಜೊತೆ ಹೊರಟಾಗ ಡಗ್ಲಸ್ ಎಪ್ಪತ್ತರ ಸಮೀಪದಲ್ಲಿದ್ದರು. ಓದುಗರನ್ನು ಆ ಹಡಗು ಹತ್ತಿಸುವ ಮೊದಲು 1845ರಲ್ಲಿ ಅವರು ಮೊದಲ ಬಾರಿ ಬ್ರಿಟನ್ನಿಗೆ ಹೊರಟ ಕೇಂಬ್ರಿಯಾ ಹಡಗಿಗೆ ಕರೆದೊಯ್ಯಿರಿ. ತಪ್ಪಿಸಿಕೊಂಡು ಬಂದ ಗುಲಾಮರಾಗಿದ್ದ ಅವರಿಗೆ ಅಲ್ಲಿ ಕ್ಯಾಬಿನ್ ಸಿಗಲಿಲ್ಲ. ಗುಲಾಮಗಿರಿಯ ವಿರುದ್ಧ ಮಾತನಾಡಲು ನಿಂತಾಗ ಕೆಲವರು ಸಮುದ್ರಕ್ಕೆಸೆಯುವ ಬೆದರಿಕೆ ಹಾಕಿದರು. ಮರುವರ್ಷ ನ್ಯೂಕ್ಯಾಸಲ್‌ನ ಈ ಕ್ವೇಕರ್ (ಗುಲಾಮಗಿರಿಯನ್ನು ವಿರೋಧಿಸಿದ ಒಂದು ಕ್ರೈಸ್ತ ಪಂಥ) ಮಹಿಳೆಯರು ಚಂದಾ ಎತ್ತಿ, 150 ಪೌಂಡ್ ತೆತ್ತು, ಅವರ ಒಡೆಯರಾಗಿದ್ದ, ಅಮೆರಿಕದ ಮೇರಿಲ್ಯಾಂಡಿನ ಆಲ್ಡ್ ಕುಟುಂಬದ ಹಿಡಿತದಿಂದ ಅವರನ್ನು ಕಾನೂನುಬದ್ಧವಾಗಿ ಬಿಡಿಸಿದರು.

ಇಲ್ಲಿ ಅವಸರಪಡಬೇಡಿ. ಮನುಷ್ಯನಿಗೆ ಬೆಲೆ ತೆತ್ತರೆ ಅವನನ್ನು ಸ್ವತ್ತೆಂದು ಒಪ್ಪಿಕೊಂಡಂತಲ್ಲವೇ ಎಂದು ಗುಲಾಮಗಿರಿಯ ವಿರೋಧಿಗಳಲ್ಲೇ ಕೆಲವರು ಆಕ್ಷೇಪಿಸಿದರು. ಸ್ವಾತಂತ್ರ್ಯ ತನ್ನ ಸಹಜ ಹಕ್ಕು, ಈ ಹಣ ಆ ಹಕ್ಕನ್ನು ಕೊಟ್ಟಿಲ್ಲ, ಕಾನೂನಿನ ಕುಣಿಕೆಯನ್ನು ಮಾತ್ರ ಬಿಚ್ಚಿದೆ ಎಂಬ ಅರ್ಥದಲ್ಲಿ ಡಗ್ಲಸ್, ಹಾಗೆ ಆಕ್ಷೇಪಿಸಿದವರಲ್ಲಿ ಒಬ್ಬರಾದ ಹೆನ್ರಿ ಸಿ. ರೈಟ್ ಅವರಿಗೆ ಪತ್ರ ಬರೆದರು. ಈ ವಾದವನ್ನು ಓದಿದವರಿಗೆ ಮಾತ್ರ, ನಲವತ್ತು ವರ್ಷಗಳ ನಂತರ ಅವರು ಆ ರಿಚರ್ಡ್‌ಸನ್ ಮಹಿಳೆಯರ ಬಳಿಗೆ ಹೋದದ್ದು ಋಣ ತೀರಿಸಲು ಬಂದವರಂತಲ್ಲ, ಸರಿಸಮಾನ ಗೆಳೆಯರಾಗಿ ಎಂಬುದು ತಿಳಿದೀತು. ನನ್ನ ಮಟ್ಟಿಗೆ ಆ ಭೇಟಿಯ ಘನತೆ ಇದೇ.

ಜೂಲಿಯಾ ಗ್ರಿಫಿತ್ಸ್ ಅವರನ್ನೂ ಬಿಡಬೇಡಿ. ರಾಚೆಸ್ಟರ್‌ನಲ್ಲಿ ಡಗ್ಲಸ್ ಅವರ ಪತ್ರಿಕೆಗೆ ಆರ್ಥಿಕವಾಗಿ ಆಸರೆಯಾಗಿ ಅದನ್ನು ಉಳಿಸಿದ ಈ ಬಿಳಿಯ ಮಹಿಳೆಯ ಜೊತೆಗಿನ ಸ್ನೇಹಕ್ಕಾಗಿ ಅವರು ಅಪವಾದ ಹೊತ್ತರು. 1884ರಲ್ಲಿ ಬಿಳಿಯರಾದ ಹೆಲೆನ್ ಅವರನ್ನು ಮದುವೆಯಾದಾಗ ಎರಡೂ ಜನಾಂಗಗಳವರಿಂದ ನಿಂದೆ ಕೇಳಿದರು.

ನೀವು ಕಲ್ಪಿಸಿ ಬರೆದ ಸಂಭಾಷಣೆಯನ್ನು ದಯವಿಟ್ಟು ತೆಗೆದುಹಾಕಿ. ಆ ಪ್ರವಾಸದ ದಿನಚರಿ ಉಳಿದಿದೆ. 1892ರಲ್ಲಿ ವಿಸ್ತರಿಸಿದ ಆತ್ಮಕಥೆಯಲ್ಲಿ ಯಾತ್ರೆಯ ಅಧ್ಯಾಯಗಳೂ ಇವೆ. ಅವರು ಬರೆಯದೆ ಬಿಟ್ಟದ್ದನ್ನು ಅವರ ಬಾಯಲ್ಲಿ ಹೇಳಿಸುವ ಹಕ್ಕು ನಮಗಿಲ್ಲ. ಲೇಖನವನ್ನು ಆ 150 ಪೌಂಡ್‌ಗಳಿಂದಲೇ ಆರಂಭಿಸಿ, ತಿದ್ದಿದ ಪ್ರತಿಯನ್ನು ನನಗೆ ಕಳುಹಿಸಿ.

ನಿಮ್ಮ ಹಿತೈಷಿ