ಓನರ್ ಆಂಟಿಗೆ ಒಂದು ಥ್ಯಾಂಕ್ಸ್

ಟ್ಯಾಂಕರ್ ನೀರು ಬುಕ್ ಮಾಡುವ ನಮ್ಮ ಆ್ಯಪ್ ಸೋಮವಾರ ಪ್ಲೇ ಸ್ಟೋರ್‌ಗೆ ಬಂತು. ಈ ಆರು ತಿಂಗಳು ಏನೇನಾಯಿತು ಅಂತ ನಿಮಗೆಲ್ಲ ಗೊತ್ತು. ಮತ್ತೆ ಅದೇ ಪುರಾಣ ಬೇಡ.

ಟೀಮಿನವರಿಗೆ, ಅಣ್ಣನಿಗೆ, ಕೇಳಿದ್ದನ್ನೇ ಕೇಳಿದರೂ ಬೇಸರ ಮಾಡಿಕೊಳ್ಳದ ಟ್ಯಾಂಕರ್ ಡ್ರೈವರ್‌ಗಳಿಗೆ, ಆಫೀಸ್ ಕೆಳಗಿನ ದರ್ಶಿನಿಗೆ ಥ್ಯಾಂಕ್ಸ್.

ಉಳಿದದ್ದೆಲ್ಲ ರಾಜರಾಜೇಶ್ವರಿ ನಗರದ ನಮ್ಮ ಓನರ್ ಆಂಟಿಗೆ.

ಡಿಸೈನ್ ತೋರಿಸುವ ಹಿಂದಿನ ರಾತ್ರಿ. ಆಟೊ, ಊಟ, ದಿನಸಿ, ಸಿನಿಮಾ ಟಿಕೆಟ್ ಅಂತ ಇಪ್ಪತ್ತೆರಡು ಆ್ಯಪ್‌ಗಳ ಸ್ಕ್ರೀನ್‌ಶಾಟ್ ಪ್ರಿಂಟ್ ಹಾಕಿ ಗೋಡೆ ತುಂಬ ಅಂಟಿಸಿದ್ದೆ. ಮೊದಲು ಏನು ಕೇಳುತ್ತಾರೆ, ರೇಟ್ ಯಾವಾಗ ತೋರಿಸುತ್ತಾರೆ, ಎಲ್ಲದಕ್ಕೂ ಬಾಣದ ಗುರುತು. ಆದರೂ ನಮ್ಮದು ಕೂಡಿ ಬರಲಿಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಿಲ್ಲಾಡಳಿತ ಟ್ಯಾಂಕರ್‌ಗೆ ದರ ಗೊತ್ತು ಮಾಡಿತ್ತಲ್ವಾ? 6,000 ಲೀಟರ್‌ಗೆ 5 ಕಿಲೋಮೀಟರ್ ಒಳಗೆ 600 ರೂಪಾಯಿ, ಅದು ದಾಟಿ 10ರವರೆಗೆ 750. ಅಂದರೆ ವಿಳಾಸ ಗೊತ್ತಿಲ್ಲದೆ ರೇಟ್ ಹೇಳೋಕಾಗಲ್ಲ. ಆದರೆ ಟ್ಯಾಂಕರ್‌ಗೆ ಫೋನ್ ಮಾಡುವವರ ಮೊದಲ ಮಾತೇ ‘ಎಷ್ಟು?’

ರಾತ್ರಿ ಒಂದು ಗಂಟೆಗೆ ನಾನು ರಾಜೀನಾಮೆ ಮೇಲ್ ಟೈಪ್ ಮಾಡಿಟ್ಟಿದ್ದೆ. ಈ ಕೆಲಸ ನನಗೆ ಬರೋದೇ ಇಲ್ಲ, ಇಷ್ಟು ದಿನ ಸುಮ್ನೆ ಎಲ್ಲರನ್ನೂ ನಂಬಿಸಿಕೊಂಡು ಬಂದೆ ಅನ್ನಿಸಿತ್ತು. ಅದು ಇವತ್ತಿಗೂ ಪೂರ್ತಿ ಹೋಗಿಲ್ಲ.

ಕಾವೇರಿ ನೀರು ಬರುವ ದಿನ ಆಂಟಿ ವಾಲ್ವ್ ತಿರುಗಿಸೋಕೆ ಏಳುತ್ತಾರೆ. ಅವತ್ತು ನೀರು ಇನ್ನೂ ಬಂದಿರಲಿಲ್ಲ. ನನ್ನ ರೂಮಿನ ಲೈಟ್ ಕಂಡು ಮೇಲೆ ಬಂದರು. ನಾನು ಅಳುತ್ತಿದ್ದೆ. ಏನೂ ಕೇಳಲಿಲ್ಲ. ಚಾಪೆ ಮೇಲೆ ಕೂತು, ಕನ್ನಡಕ ಮೇಲೆತ್ತಿ, ಗೋಡೆಯನ್ನು ಒಂದು ಕಡೆಯಿಂದ ನೋಡುತ್ತಾ ಬಂದರು.

“ಇದೇನಮ್ಮಾ, ಪ್ರತಿ ಸಲ ಎಲ್ಲಿಗೆ ಅಂತ ಕೇಳುತ್ತೆ?”

ಆಟೊ ಅಲ್ವಾ ಆಂಟಿ, ಅಂದೆ.

“ಸಿಲಿಂಡರ್‌ಗೆ ನಾನು ಮಿಸ್ಡ್ ಕಾಲ್ ಕೊಡ್ತೀನಿ, ಬರುತ್ತೆ. ವಿಳಾಸ ಹೇಳಲ್ಲ. ಸಂಪು ಎಲ್ಲಿಗಾದ್ರೂ ಓಡಿ ಹೋಗುತ್ತಾ?”

ನಾನು ಗೋಡೆ ನೋಡಿದೆ. ಸ್ಕ್ರೀನ್ ಇರುವ ಆ್ಯಪ್‌ಗಳನ್ನೇ ಹುಡುಕಿ ಹುಡುಕಿ ಅಂಟಿಸಿದ್ದೆ. ಸಿಲಿಂಡರ್ ಬುಕಿಂಗ್ ಒಂದೂ ಇರಲಿಲ್ಲ, ಮಿಸ್ಡ್ ಕಾಲ್‌ನಲ್ಲಿ ನೋಡೋಕೆ ಸ್ಕ್ರೀನೇ ಇಲ್ಲವಲ್ಲ! ಸಂಪಿನ ಜಾಗ ಒಂದೇ ಸಲ ಕೇಳಿ ಇಟ್ಟುಕೊಂಡರೆ ಎರಡನೇ ಸಲದಿಂದ ತೆರೆದ ಕೂಡಲೇ ರೇಟ್ ಕಾಣಿಸಬಹುದು.

ಆಮೇಲೆ ಆಂಟಿ ಇನ್ನೊಂದು ಕತೆ ತೆಗೆದರು. ಹೋದ ವರ್ಷ ಇವರು ದುಡ್ಡು ಕೊಟ್ಟ ಟ್ಯಾಂಕರ್ 13ನೇ ಕ್ರಾಸ್ ಬಿಟ್ಟು 13ನೇ ಮೇನ್‌ಗೆ ಹೋಗಿ ಬೇರೆ ಯಾರದೋ ಸಂಪು ತುಂಬಿಸಿತ್ತಂತೆ. ಹೇಳುವಾಗ ಈಗಲೂ ಸಿಟ್ಟು. “ಸಿಲಿಂಡರ್ ಹುಡುಗ ಮೆಸೇಜಿನ ನಂಬರ್ ಕೇಳ್ತಾನಲ್ಲ, ಇವನೂ ಕೇಳಲಿ.” ಈಗ ನಮ್ಮ ಆ್ಯಪ್‌ನಲ್ಲಿ ಪೈಪು ಸಂಪಿಗೆ ಇಳಿಸುವ ಮೊದಲು ಡ್ರೈವರ್ ನಾಲ್ಕಂಕಿ ಕೋಡ್ ಕೇಳುತ್ತಾನೆ.

ನಾಲ್ಕು ಗಂಟೆವರೆಗೂ ಕೂತಿದ್ದರು. ನಾನು ಬಿಡಿಸುತ್ತಿದ್ದೆ, ಅವರು ತೂಕಡಿಸುತ್ತಿದ್ದರು. ಮಲಗಿ ಆಂಟಿ ಅಂದರೆ, “ನೀನು ಮುಗಿಸು” ಅನ್ನುತ್ತಿದ್ದರು. ಅಷ್ಟರಲ್ಲಿ ಕೆಳಗೆ ನಲ್ಲಿ ಸದ್ದಾಯಿತು, ಎದ್ದು ಓಡಿದರು.

ಆಂಟಿ, ಸ್ಕ್ರೀನ್‌ಶಾಟ್ ಎಲ್ಲ ತೆಗೆದೆ. ಟೇಪಿನ ಜೊತೆ ಗೋಡೆಯ ಬಣ್ಣವೂ ಕಿತ್ತು ಬಂದಿದೆ. ನೀವು ನೋಡಿದ್ದೀರಿ, ಗೊತ್ತು. ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಿ.