ಊರಿಂದ ಅಪ್ಪ-ಅಮ್ಮ ಬರುವ ಮುನ್ನ

ಇಲ್ಲಿ ಜರ್ಮನಿಯ ನಮ್ಮ ಕನ್ನಡ ಸಂಘದ ಯುಗಾದಿ ನಾಟಕದ ತಾಲೀಮಿನ ನಡುವೆ ಮಕ್ಕಳಲ್ಲೊಬ್ಬಳು ಹತ್ತಿರ ಬಂದು ಹೇಳಿದಳು: "ಆಂಟಿ, ಡಾಕ್ಟರ್ ಹೇಳಿದ್ದನ್ನೆಲ್ಲ ನಾನು ಅಜ್ಜಿಗೆ ಹೇಳ್ಲಿಲ್ಲ. ಅಜ್ಜಿ ಅತ್ತುಬಿಡ್ತಾರೆ ಅಂತ." ನಾಲ್ಕನೇ ಕ್ಲಾಸಿನ ಮಗು. ಜರ್ಮನ್ ಚೆನ್ನಾಗಿ ಬರುತ್ತದೆಂದು ಡಾಕ್ಟರ ಮುಂದೆ ಅವಳನ್ನೇ ದುಭಾಷಿ ಮಾಡಿ ಕೂರಿಸಿದ್ದರು. ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ನಮ್ಮೂರು ಮಲೆನಾಡಿನ ಸಾಗರದಲ್ಲಿ ನಮಗೆ ಡಾಕ್ಟರನ್ನು ಆರಿಸುವ ಪ್ರಶ್ನೆಯೇ ಇರಲಿಲ್ಲ. ಪೇಟೆಬೀದಿಯ ಆ ಡಾಕ್ಟರು ಅಜ್ಜನ ದಮ್ಮು, ಅಮ್ಮನ ಬಾಣಂತನ, ನನ್ನ ಮಂಗನಬಾವು ಎಲ್ಲವನ್ನೂ ಬಲ್ಲವರು. ಬೆಂಚಿನ ಮೇಲೆ ಕೂತರೆ ಡೆಟಾಲ್ ವಾಸನೆ; ಮಳೆಗಾಲದಲ್ಲಿ ಮೂಲೆಯಲ್ಲಿ ನೀರಿಳಿಯುವ ಕೊಡೆಗಳ ರಾಶಿ. ನಾಲಿಗೆ ನೋಡಿ, ಕಣ್ಣಿನ ರೆಪ್ಪೆ ಎಳೆದು, "ಅಡಿಕೆ ಕೊನೆಕೊಯ್ಲು ಮುಗೀತಾ?" ಎಂದು ಅಜ್ಜನನ್ನು ವಿಚಾರಿಸುತ್ತಲೇ ಚೀಟಿ ಬರೆಯುತ್ತಿದ್ದರು. ಕಾಂಪೌಂಡರ್ ಕೆಂಪು ಮಿಕ್ಸ್ಚರ್ ತುಂಬಿ, ಬಾಟಲಿಗೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸುತ್ತಿದ್ದ. ಒಂದು ಹಲ್ಲಿಗೆ ಒಂದು ಹೊತ್ತು. ಮಾತ್ರೆ ಬದಲಾದರೆ ಓದು ಬಾರದ ನಮ್ಮಜ್ಜಿಗೂ ಕಾರಣ ಹೇಳದೆ ಕಳಿಸುತ್ತಿರಲಿಲ್ಲ.

ಜರ್ಮನಿಯಲ್ಲಿ ವೈದ್ಯರನ್ನು ಆರಿಸಿಕೊಳ್ಳುವ ಹಕ್ಕು ನಮ್ಮದೇ. ಆದರೆ ಜ್ವರ ಬಂದ ದಿನ ಹುಡುಕಹೊರಟರೆ, ಹೊಸಬರನ್ನು ತೆಗೆದುಕೊಳ್ಳುತ್ತಿಲ್ಲ ಎಂದು ಎಷ್ಟೋ ಕಡೆ ಹೇಳಿಬಿಡುತ್ತಾರೆ. ಆರೋಗ್ಯವಾಗಿರುವಾಗಲೇ ಒಬ್ಬ ಹೌಸ್‌ಆರ್ಟ್ಸ್ಟ್, ಅಂದರೆ ಕುಟುಂಬ ವೈದ್ಯರನ್ನು, ಗೊತ್ತುಮಾಡಿಕೊಳ್ಳಿ. ದೊಡ್ಡ ಹೆಸರಿನವರಿಗಿಂತ ಮನೆಗೆ ಹತ್ತಿರವಿದ್ದು, ಕೇಳಿದ್ದಕ್ಕೆ ಸಾವಧಾನವಾಗಿ ಉತ್ತರಿಸುವವರೇ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ರಾತ್ರಿಯೋ ರಜಾದಿನವೋ ತಡೆಯಲಾಗದಿದ್ದರೆ ಪಾಳಿ ವೈದ್ಯರ ಸೇವೆಯ 116117ಕ್ಕೆ ಫೋನ್ ಮಾಡಿ; ಎದೆನೋವು, ಉಸಿರು ಕಟ್ಟುವಂಥದ್ದಾದರೆ ಯೋಚಿಸುತ್ತ ಕೂರದೆ ತುರ್ತು ಸೇವೆಯ 112.

ಊರಿಂದ ಬರುವ ಅಪ್ಪ-ಅಮ್ಮನಿಗೆ ನಮ್ಮ ಕ್ರಾಂಕೆನ್‌ಕಾಸ್ಸೆ (ಇಲ್ಲಿನ ಆರೋಗ್ಯ ವಿಮೆ) ಅನ್ವಯಿಸುವುದಿಲ್ಲ. ಯುರೋಪಿಗೆ ಸ್ವಲ್ಪ ದಿನಕ್ಕೆ ಬರುವವರ ಷೆಂಗೆನ್ ವೀಸಾಕ್ಕೆಂದು ಕನಿಷ್ಠ 30,000 ಯೂರೋ ವಿಮೆ ಮಾಡಿಸುತ್ತೇವೆ, ಸರಿ. ಹಳೆಯ ಸಕ್ಕರೆ ಕಾಯಿಲೆ, ಬಿಪಿಗೆ ಅದು ಕೊಡುತ್ತದೆಯೋ ಇಲ್ಲವೋ, ಟಿಕೆಟ್ ಕೊಳ್ಳುವ ಮೊದಲೇ ಓದಿ. ಊರಿನ ಮಾತ್ರೆಯ ಬ್ರ್ಯಾಂಡ್ ಇಲ್ಲಿ ಗುರುತು ಸಿಗದೆ ಹೋಗಬಹುದು. ಒಳಗಿನ ಔಷಧದ ಹೆಸರನ್ನೇ ಬರೆಸಿ ತರಲು ಹೇಳಿ.

ಮಕ್ಕಳನ್ನು ಮಾತ್ರ ಡಾಕ್ಟರ ಮುಂದೆ ದುಭಾಷಿಯಾಗಿ ಕೂರಿಸಬೇಡಿ, ದಯವಿಟ್ಟು. ಜರ್ಮನ್ ಬಲ್ಲ ದೊಡ್ಡವರು ತಿಂಗಳಿಗೊಮ್ಮೆ ಯಾರ ಜೊತೆಗಾದರೂ ಹೋಗಿಬರುವಿರಾದರೆ ಸಂಘಕ್ಕೆ ಹೆಸರು ಕೊಡಿ. ಸದ್ಯ ಇರುವವರು ಇಬ್ಬರೇ. ಇಬ್ಬರಿಗೂ ಕೆಲಸ, ಮನೆಯಲ್ಲಿ ಸಣ್ಣ ಮಕ್ಕಳು.

ಪುಟ ಮುಗಿಯುತ್ತಿದೆ, ಬೇಗ ಹೇಳಿಬಿಡುತ್ತೇನೆ: ಯುಗಾದಿ ಊಟಕ್ಕೆ ಹೆಸರು ಕೊಡಲು ಈ ಭಾನುವಾರ ಕೊನೆ. ಹೋಳಿಗೆ ತಟ್ಟಲು ಕೈ ಬೇಕು. ಬೇವಿನ ಸೊಪ್ಪು ಎಲ್ಲಿ ಸಿಗುತ್ತದೆಂದು ಗೊತ್ತಿದ್ದವರು ತಿಳಿಸಿ. ಕನ್ನಡ ತರಗತಿ ಮತ್ತೆ ಶುರುವಾಗುವುದು ಈಸ್ಟರ್ ರಜೆ ಮುಗಿದ ಮೇಲೆ. ಪುಟ ಜೋಡಿಸಲು ಇನ್ನೊಬ್ಬರು ಸಿಕ್ಕರೆ ಮುಂದಿನ ಸಂಚಿಕೆ ಹೊತ್ತಿಗೆ ಸರಿಯಾಗಿ ಬರುತ್ತದೆ.